ಕೊರಕಲಿನಾಚೆಗೆ ಹೋದ ಚಿಟ್ಟೆಗಳು

ಒತೀಲಿಯಾಳನ್ನು ಕಂಡರೆ ನಮ್ಮೂರು ತೆಹೊಕೋತಲ್‌ನಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅವಳಿಗೂ ನಮ್ಮೂರನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಅವಳಿಗೆ ಕೊಮಾದ್ರೆ. ನನ್ನ ಎರಡನೆಯ ಮಗಳ ಜ್ಞಾನಸ್ನಾನದ ದಿನ ಮಗುವನ್ನು ತೋಳಲ್ಲಿ ಹೊತ್ತು ಪಾದ್ರಿಯ ಮುಂದೆ ನಿಂತವಳು ಅವಳೇ. ಹಾಗೆ ಬಿದ್ದ ಗಂಟನ್ನು ನಮ್ಮಲ್ಲಿ ಬಿಚ್ಚಿಕೊಳ್ಳಲು ಬರುವುದಿಲ್ಲ, ಅದಕ್ಕೇ ನಾನು ಅವಳ ಜೊತೆ ಉಳಿದೆ. ಅವಳ ಬಾಯಿ ನನಗೂ ಸೇರುತ್ತಿರಲಿಲ್ಲ. ಕಾಡಿನ ಬಾಗಿಲಲ್ಲಿ ನಾನು ನೀಲಿ ಜೋಳದ ರೊಟ್ಟಿ ತಟ್ಟಿ ಮಾರುತ್ತೇನೆ. ಬಂದ ಗಿರಾಕಿಗಳ ಎದುರಿಗೇ "ಇವಳ ರೊಟ್ಟಿ ದಪ್ಪ, ಒಳಗೆ ಹಸಿ ಇರುತ್ತೆ, ನೋಡ್ಕೊಂಡು ತಿನ್ನಿ" ಎಂದು ಹೇಳಿ ಹೋಗುವ ಹೆಂಗಸು ಅದು.

ಅವಳು ಹುಟ್ಟಿದ್ದು ಕೊರಕಲಿನ ಆಚೆಯ ಲಾ ಹಾರಾದಲ್ಲಿ. ನಮಗೂ ಅವರಿಗೂ ಗಡಿಕಲ್ಲಿನ ಜಗಳ. ಕಲ್ಲು ನೆಟ್ಟವರು ಸತ್ತು ಹೋದರು, ಕಿತ್ತವರೂ ಸತ್ತು ಹೋದರು, ಜಗಳ ಮಾತ್ರ ಗಟ್ಟಿಮುಟ್ಟಾಗಿದೆ. ನಮ್ಮೂರಿನ ಅಬುಂದಿಯೊ ಅವಳನ್ನು ಸಿತಾಕ್ವಾರೊ ಸಂತೆಯಲ್ಲಿ ನೋಡಿ ಮೆಚ್ಚಿ ಕಟ್ಟಿಕೊಂಡು ಬಂದ. ಮದುವೆಗೆ ಅವಳ ಅಣ್ಣ ಲಾದಿಸ್ಲಾವೊ ಬರಲಿಲ್ಲ. "ಹುತ್ತಕ್ಕೆ ಕೈ ಹಾಕ್ತಿದೀಯ. ಕಚ್ಚಿಸ್ಕೊಂಡು ನಮ್ಮ ಬಾಗಿಲಿಗೆ ಬರಬೇಡ" ಎಂದು ಯಾರ ಕೈಲೋ ಹೇಳಿ ಕಳಿಸಿದ. ಅಬುಂದಿಯೊ ಒಳ್ಳೆಯವನು, ಮಾತು ಕಡಿಮೆ. ಹೆಂಡತಿಯ ಹತ್ತಿರ ಮಾತು ದಂಡಿಯಾಗಿದ್ದರಿಂದ ಮನೆಯಲ್ಲಿ ಅದಕ್ಕೇನೂ ಕೊರತೆಯಾಗಲಿಲ್ಲ. ಮಕ್ಕಳಾಗಲಿಲ್ಲ. ಅದನ್ನೂ ಊರು ಲಾ ಹಾರಾದ ನೀರಿನ ದೋಷ ಎಂದಿತು.

ಅಬುಂದಿಯೊ ಚಿಟ್ಟೆ ನೋಡಲು ಬರುವವರನ್ನು ಬೆಟ್ಟ ಹತ್ತಿಸುತ್ತಿದ್ದ. ನಮ್ಮ ಮುದುಕರು ಅವನ್ನು ಚಿಟ್ಟೆ ಎನ್ನುವುದಿಲ್ಲ, ಪಾರಿವಾಳ ಎನ್ನುತ್ತಾರೆ. ನವೆಂಬರ್ ಮೊದಲಿಗೆ, ಸತ್ತವರಿಗೆ ಎಡೆ ಇಡುವ ಹೊತ್ತಿಗೆ ಬಡಗಣದಿಂದ ಬಂದು ಒಯಾಮೆಲ್ ಮರಗಳಿಗೆ ಜೋತುಬೀಳುತ್ತವೆ. ಕೊಂಬೆ ಕಾಣುವುದಿಲ್ಲ, ಒಣಗಿದ ಎಲೆಯ ಗೊಂಚಲುಗಳ ಹಾಗೆ ಚಿಟ್ಟೆಯೇ ಕಾಣುತ್ತದೆ. ಮಾರ್ಚಿನಲ್ಲಿ ಹೋಗುತ್ತವೆ. ಹೋದವು ತಿರುಗಿ ಬರುವುದಿಲ್ಲ. ಮುಂದಿನ ವರ್ಷ ಬರುವುದು ಅವುಗಳ ಮರಿಮಕ್ಕಳು, ದಾರಿ ಯಾರೂ ತೋರಿಸದೆ ಅದೇ ಬೆಟ್ಟಕ್ಕೆ. ಚಿಟ್ಟೆ ಇರುವಷ್ಟು ತಿಂಗಳು ನಮ್ಮೂರಲ್ಲಿ ದುಡಿಮೆ. ಉಳಿದ ತಿಂಗಳು ಓಟ್ಸ್, ಆಲೂಗಡ್ಡೆ ಮತ್ತು ಒಬ್ಬರ ಮೇಲೊಬ್ಬರು ಚಾಡಿ.

ಒಂದು ಮಳೆಗಾಲದಲ್ಲಿ ಹೊಟ್ಟೆನೋವು ಎಂದು ಮಲಗಿದ ಅಬುಂದಿಯೊ ಏಳಲಿಲ್ಲ. ಆ ನವೆಂಬರಿನಲ್ಲಿ ಒತೀಲಿಯಾ ಬೆಟ್ಟ ಹತ್ತಿಸುವವರು ತೊಡುವ ಗಂಡನ ಹಸಿರು ಜಾಕೆಟ್ ತೊಟ್ಟು ಕಾಡಿನ ಬಾಗಿಲಿಗೆ ಬಂದಳು. ಅಲ್ಲಿ ಯಜಮಾನಿಕೆ ಎವೋದಿಯೊನದು. ಅವನು ಅಬುಂದಿಯೊನ ತಮ್ಮ, ಇವಳಿಗೆ ಮೈದುನ. ಊರೊಟ್ಟಿನ ಕಾಡಿನಲ್ಲಿ ಅಣ್ಣನಿಗಿದ್ದ ಪಾಲನ್ನೂ ಸಭೆಯಲ್ಲಿ ಅಣ್ಣ ಕೂರುತ್ತಿದ್ದ ಕುರ್ಚಿಯನ್ನೂ ಅವನು ಆಗಲೇ ತನ್ನದು ಮಾಡಿಕೊಂಡಿದ್ದ. ಕಾನೂನಿನ ಪ್ರಕಾರ ಅದು ಹೆಂಡತಿಗೆ ಸೇರಬೇಕು. ಆದರೆ ಊರಿನ ಪ್ರಕಾರ ಲಾ ಹಾರಾದವಳಿಗೆ ಏನೂ ಸೇರಬಾರದು.

"ಎಲ್ಲಿಗೆ ಹೊರಟ್ರಿ ಅತ್ತಿಗೆಮ್ಮ, ಅಣ್ಣನ ಬಟ್ಟೆ ಹಾಕ್ಕೊಂಡು?" ಎಂದ.

"ಅಣ್ಣನ ಕೆಲಸಕ್ಕೆ."

"ಲಾ ಹಾರಾದೋರಿಗೆ ಈ ಬೆಟ್ಟದಲ್ಲಿ ಕೆಲಸ ಇಲ್ಲ."

"ಇದೇ ಲಾ ಹಾರಾದೋಳು ಎರಡು ವರ್ಷ ನಿಮ್ಮಮ್ಮನ ಹೇಲುಚ್ಚೆ ಬಳಿದಳಲ್ಲ, ಆಗ ಯಾವೂರೋಳು ಅಂತ ಕೇಳಿದ್ಯಾ?"

ನನ್ನ ಒಲೆಯ ಸುತ್ತ ಇದ್ದವರೆಲ್ಲ ನಕ್ಕರು. ಎವೋದಿಯೊ ದಾರಿ ಬಿಟ್ಟ. ಆದರೆ ಆ ನಗುವನ್ನು ಅವನು ಮರೆಯಲಿಲ್ಲ. ಅಂದಿನಿಂದ ಅವಳಿಗೆ ಸಿಕ್ಕಿದ್ದು ಕುಂಟು ಕುದುರೆ, ಮೋಡದ ದಿನದ ಪಾಳಿ ಮತ್ತು ಕೂಗಾಡುವ ಪ್ರವಾಸಿಗರ ಗುಂಪು.

ಅವಳು ಬೆಟ್ಟ ಹತ್ತಿಸುವ ರೀತಿ ಬೇರೆಯವರ ಹಾಗಲ್ಲ. ಬಂದವರನ್ನು ಬಯ್ಯುತ್ತಲೇ ಕರೆದೊಯ್ಯುತ್ತಿದ್ದಳು. ಒಮ್ಮೆ ರಾಜಧಾನಿಯಿಂದ ಬಂದವನೊಬ್ಬ ಚಿಟ್ಟೆ ಹಾರಲಿ ಎಂದು ಚಪ್ಪಾಳೆ ತಟ್ಟಿದ. "ಇದು ನಿನ್ನ ಮದುವೆ ಅಲ್ಲ, ಕೈ ಕೆಳಗಿಳಿಸು" ಎಂದಳು. "ಬರೋ ದಾರೀಲಿ ಹೂವಿನ ರಸ ಕುಡಿದು ಹೊಟ್ಟೇಲಿ ಕೊಬ್ಬು ಕಟ್ಕೊಂಡು ಬಂದಿವೆ. ಮಾರ್ಚ್ ತನಕ ಅದೇ ಗತಿ. ನೀನು ಒಂದು ಸಲ ಎಬ್ಬಿಸಿದ್ರೆ ಒಂದಷ್ಟು ಕರಗ್ತು. ನೀನು ಸಾಯಂಕಾಲ ಹೋಟೆಲಿಗೆ ಹೋಗಿ ಮಾಂಸ ತಿಂತೀಯ. ಅದು ಎಲ್ಲಿಗೆ ಹೋಗ್ಬೇಕು?" ಅವನು ಕೆಳಗಿಳಿದು ಬಂದು ಎವೋದಿಯೊಗೆ ದೂರು ಕೊಟ್ಟ. ಎವೋದಿಯೊಗೆ ಅದು ಹಬ್ಬವಾಯಿತು. ಎರಡು ವಾರ ಅವಳಿಗೆ ಪಾಳಿಯೇ ಇರಲಿಲ್ಲ.

ಮರುವರ್ಷ ತೊಗಟೆಹುಳ ಬಂತು. ಹುಳ ಹಿಡಿದ ಮರ ಕಡಿದು ಸಾಗಿಸಲು ನಮ್ಮೂರು ಅಪ್ಪಣೆ ತಂದಿತು. ಕಡಿಸುವ ಹೊಣೆ ಎವೋದಿಯೊನದು. ಹುಳ ಬಿದ್ದ ಮರ ಕೆಲವು, ನೆಲಕ್ಕೆ ಬಿದ್ದ ಮರ ಬಹಳ. ಮಳೆಗಾಲವಿಡೀ ಮೇಲಿನ ಇಳಿಜಾರಿನಲ್ಲಿ ಗರಗಸದ ಯಂತ್ರ ಕೂಗಿತು. ಶಾಲೆಗೆ ಹೊಸ ಮಾಡು ಬಂತು, ಪಾಲಿದ್ದವರಿಗೆಲ್ಲ ಹಲಗೆ ಬಂತು. ನಮ್ಮ ಅಡುಗೆಮನೆಯ ತೊಲೆಗಳೂ ಅಲ್ಲಿಂದಲೇ ಬಂದವು. ಒಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟವಳು ಒತೀಲಿಯಾ. ಸಭೆಯಲ್ಲಿ ಅವಳಿಗೆ ಜಾಗವಿಲ್ಲ, ಬಾಗಿಲಲ್ಲಿ ನಿಂತು ಕೂಗಿದಳು.

"ಒಂದು ಬಿಟ್ಟು ಒಂದು ಮರ ಕಡಿದಿದೀರಲ್ಲ, ಚಿಟ್ಟೆ ಎಲ್ಲಿ ಕೂರ್ಬೇಕು?"

"ಉಳಿದಿರೋ ಮರದಲ್ಲಿ ಕೂರ್ಲಿ. ಅವೇನು ಆನೆಗಳಾ?" ಎಂದ ಎವೋದಿಯೊ.

"ನಿನ್ನ ಮನೆ ಹೆಂಚು ಒಂದು ಬಿಟ್ಟು ಒಂದು ತೆಗೆದು ಜನವರೀಲಿ ಒಂದು ರಾತ್ರಿ ಮಲಗು. ಬೆಳಗ್ಗೆ ಎದ್ರೆ ಮಾತಾಡೋಣ."

ಅವಳು ಹೇಳಿದ್ದು ಹೊಸ ವಿಷಯವೇನಲ್ಲ. ಮೇಲಿನ ಕೊಂಬೆಗಳು ಒತ್ತಾಗಿದ್ದರೆ ಕಾಡಿನ ಒಳಗೆ ಚಳಿ ಕಚ್ಚುವುದಿಲ್ಲ, ಮಳೆ ಇಳಿಯುವುದಿಲ್ಲ ಎಂದು ನಮ್ಮೂರಿನ ಕುರಿ ಕಾಯುವವನಿಗೂ ಗೊತ್ತು. ರೆಕ್ಕೆ ಒದ್ದೆಯಾದ ಚಿಟ್ಟೆ ಮಂಜು ಬಿದ್ದ ರಾತ್ರಿ ಉಳಿಯುವುದಿಲ್ಲ ಎಂದೂ ಗೊತ್ತು. ಎಲ್ಲರಿಗೂ ಗೊತ್ತಿದ್ದದ್ದನ್ನು ಎಲ್ಲರ ಮುಂದೆ ಹೇಳಿದಳು ಎಂದೇ ಸಿಟ್ಟು. ಯಾರೋ ಎದ್ದು ಬಾಗಿಲು ಮುಚ್ಚಿದರು.

ಆ ನವೆಂಬರಿನಲ್ಲಿ ಎಡೆ ಇಟ್ಟೆವು, ಮೇಣದಬತ್ತಿ ಹಚ್ಚಿದೆವು, ಆಕಾಶ ನೋಡಿದೆವು. ಚಿಟ್ಟೆ ಬಂದವು. ನಮ್ಮ ಬೆಟ್ಟದ ಮೇಲೆ ಸುತ್ತಿದವು, ತೆಳುವಾದ ಇಳಿಜಾರಿನಲ್ಲಿ ಒಂದಿಷ್ಟು ಇಳಿದವು. ಉಳಿದ ಹಿಂಡು ಕೊರಕಲು ದಾಟಿ ಲಾ ಹಾರಾದ ಕಾಡಿಗೆ ಹೋಗಿ ಕೂತಿತು. ಅದಾದ ಮೇಲೆ ಪ್ರವಾಸಿಗರ ಬಸ್ಸುಗಳು ನಮ್ಮ ಬಾಗಿಲಲ್ಲಿ ನಿಂತು, ದಾರಿ ಕೇಳಿಕೊಂಡು, ನಮ್ಮ ಮುಂದೆಯೇ ಲಾ ಹಾರಾಕ್ಕೆ ಹೋಗತೊಡಗಿದವು. ನನ್ನ ಹಿಟ್ಟು ಹುಳಿಯಾಗಿ ಹಂದಿಗೆ ಹೋಯಿತು.

ಕಡಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅವರನ್ನು ಬಯ್ದರೆ ಮನೆಮನೆಯ ಮಾಡನ್ನೂ ಬಯ್ಯಬೇಕಾಗುತ್ತಿತ್ತು. ಹಾಗಾಗಿ ಬೈಗುಳ ಒತೀಲಿಯಾಳ ಮನೆಗೆ ಹೋಯಿತು. ಅವಳು ಧೂಪ ಹಾಕಿ ತವರಿಗೆ ಕರೆದಳಂತೆ. ಅಬುಂದಿಯೊನ ಆತ್ಮವೇ ಮುಂದೆ ನಿಂತು ಹಿಂಡನ್ನು ಅತ್ತ ನಡೆಸಿತಂತೆ. ನಲ್ಲಿಯ ಹತ್ತಿರ ಎವೋದಿಯೊನ ಹೆಂಡತಿ ಇದನ್ನೇ ಗಟ್ಟಿಯಾಗಿ ಹೇಳಿದಳು.

ಒತೀಲಿಯಾ ಕೊಡ ಕೆಳಗಿಟ್ಟಳು. "ಬದುಕಿದ್ದಾಗ ನನ್ನ ಗಂಡ ಒಂದು ದಿನಾನೂ ಮಾವನ ಮನೆಗೆ ಹೋಗಲಿಲ್ಲ. ಸತ್ತ ಮೇಲೆ ಬುದ್ಧಿ ಬಂತು ಅಂತೀಯ? ಒಳ್ಳೇದಾಯ್ತು ಬಿಡು. ನಿನ್ನ ಗಂಡನಿಗೂ ಹಾಗೇ ಬರಲಿ."

ಅಂದು ಇಬ್ಬರ ಜಡೆಯೂ ಬಿಚ್ಚಿತು. ಬಿಡಿಸಿದವಳು ನಾನು.

ಲಾ ಹಾರಾಕ್ಕೆ ಹೋಗುವ ರಸ್ತೆ ನಮ್ಮೂರಿನ ನಡುವೆಯೇ ಹೋಗುತ್ತದೆ. ಡಿಸೆಂಬರಿನಲ್ಲಿ ಎವೋದಿಯೊ ಅದಕ್ಕೆ ಅಡ್ಡ ಸರಪಳಿ ಕಟ್ಟಿದ. ಬಸ್ಸುಗಳು ಹಿಂದಿರುಗಿದವು. ಒತೀಲಿಯಾಳ ಅಣ್ಣ ಲಾದಿಸ್ಲಾವೊ ಲಾ ಹಾರಾದವರನ್ನು ಕಟ್ಟಿಕೊಂಡು ಬಂದು ಸರಪಳಿ ಕತ್ತರಿಸಿದ. ನಮ್ಮವರು ಮತ್ತೆ ಕಟ್ಟಿದರು. ಅವರು ನಮ್ಮ ನೀರಿನ ಕೊಳವೆ ಒಡೆದರು. ಕ್ರಿಸ್‌ಮಸ್ ಹೀಗೆ ಕಳೆಯಿತು.

ಜನವರಿಯಲ್ಲಿ ಎವೋದಿಯೊಗೆ ಒಂದು ಯೋಚನೆ ಬಂತು. ಕೊರಕಲಿನ ಆಚೆ ಹಸಿ ಸೊಪ್ಪಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸುವುದು, ಹಬ್ಬದ ಆಕಾಶಬಾಣ ಹಾರಿಸಿ ಸದ್ದು ಮಾಡುವುದು. ಹಿಂಡು ಎದ್ದು ನಮ್ಮ ಕಡೆಗೆ ಬರುತ್ತದೆ. ಯೋಚನೆ ಊರಿಗೆ ಹಿಡಿಸಿತು. ಅಡ್ಡಿ ಒಂದೇ. ಆ ವರ್ಷದ ಬಾಣಗಳು ಇದ್ದದ್ದು ಒತೀಲಿಯಾಳ ಮನೆಯಲ್ಲಿ. ಕಂದೆಲಾರಿಯಾ ಮಾತೆಯ ಹಬ್ಬ ನಡೆಸಿಕೊಡುತ್ತೇನೆಂದು ಅಬುಂದಿಯೊ ಬದುಕಿದ್ದಾಗಲೇ ಹರಕೆ ಹೊತ್ತಿದ್ದ. ಸತ್ತವನ ಹರಕೆ ಹೆಂಡತಿಯ ಹೆಗಲಿಗೆ ಬಂದಿತ್ತು. ಫೆಬ್ರವರಿ ಎರಡಕ್ಕೆಂದು ಅವಳು ಬಾಣದ ಕಟ್ಟುಗಳನ್ನು ತಂದು ಒಳಗಿಟ್ಟಿದ್ದಳು.

ಹಬೆಯಲ್ಲಿ ಜೋಳದ ಕಡುಬು ತಮಾಲೆ ಬೇಯಿಸುವ ದೊಡ್ಡ ಪಾತ್ರೆ ಕೇಳಲು ನಾನು ಆ ಮಧ್ಯಾಹ್ನ ಅವಳ ಅಂಗಳಕ್ಕೆ ಹೋಗಿದ್ದೆ. ಎವೋದಿಯೊ ಇಬ್ಬರು ಆಳುಗಳ ಜೊತೆ ಬಂದ.

"ಬಾಣ ಕೊಡಿ ಅತ್ತಿಗೆಮ್ಮ. ಊರಿನ ಕೆಲಸಕ್ಕೆ ಬೇಕು."

"ಯಾವ ಕೆಲಸ?"

"ನಿಮ್ಮಿಂದ ಕೆಟ್ಟದ್ದನ್ನ ಸರಿ ಮಾಡೋ ಕೆಲಸ."

"ಈ ಚಳೀಲಿ ಎಬ್ಬಿಸಿದ್ರೆ ಅವು ಹಾರೋದಿಲ್ಲ, ಉದುರುತ್ತವೆ. ಬಿಸಿಲು ತಾಗದೆ ರೆಕ್ಕೆ ಬಿಚ್ಚೋಕ್ಕೇ ಆಗಲ್ಲ ಅವಕ್ಕೆ. ನಿಂಗೂ ಗೊತ್ತು."

"ಉದುರಿದ್ರೆ ಲಾ ಹಾರಾದಲ್ಲಿ ಉದುರುತ್ತವೆ. ನಮಗಿಲ್ಲದ್ದು ಅವರಿಗ್ಯಾಕೆ?"

"ಇರು, ತರ್ತೀನಿ" ಎಂದು ಒತೀಲಿಯಾ ಒಳಗೆ ಹೋದಳು. ಕಟ್ಟುಗಳನ್ನು ತಬ್ಬಿಕೊಂಡು ಹೊರಗೆ ಬಂದಳು. ಎವೋದಿಯೊ ಕೈ ಚಾಚಿದ. ಅವಳು ಅವನನ್ನು ಬಳಸಿಕೊಂಡು ಹೋಗಿ ಬಟ್ಟೆ ಒಗೆಯುವ ತೊಟ್ಟಿಗೆ ಅಷ್ಟನ್ನೂ ಹಾಕಿ, ತೋಳು ಮುಳುಗುವ ತನಕ ಅದುಮಿ ಹಿಡಿದಳು. ನೀರಿನಲ್ಲಿ ಗುಳ್ಳೆ ಎದ್ದು ಮದ್ದು ಕಪ್ಪಗೆ ಬಿಟ್ಟಿತು.

ಮಾತೆಯ ಬಾಣ ಅವು. ನಮ್ಮೂರಲ್ಲಿ ಯಾರೂ ಅಂಥ ಕೆಲಸ ಮಾಡಿದ್ದಿಲ್ಲ.

"ನೀನು ಮನುಷ್ಯಳಲ್ಲ" ಎಂದ ಎವೋದಿಯೊ. "ಮಾತೆಗೆ ಏನು ಉತ್ತರ ಹೇಳ್ತೀಯ?"

"ಮಾತೆ ಹತ್ರ ನಾನು ಮಾತಾಡ್ಕೋತೀನಿ. ನೀನು ನಡಿ."

ಬಾಣವಿಲ್ಲದೆಯೂ ಅವರು ಹೋದರು. ನನ್ನ ಗಂಡ ಇರೆನೇಯೊನೂ ಹೋದ, ಬೇಡವೆಂದರೂ ಕೇಳಲಿಲ್ಲ. ಮುಂದಿನದು ಅವನು ಹೇಳಿದ್ದು. ಬಿಸಿಲು ಏರುವ ಮೊದಲೇ ಕೊರಕಲು ದಾಟಿ ಗಾಳಿ ಬರುವ ಕಡೆ ನಿಂತು ಮೂರು ಕಡೆ ಹಸಿ ಸೊಪ್ಪಿಗೆ ಬೆಂಕಿ ಹಾಕಿದರು. ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಗಟ್ಟಿಯಾಗಿತ್ತು. ಹೊಗೆ ಮರದ ನಡುವೆ ನುಗ್ಗಿತು. ಒಂದೂ ಹಾರಲಿಲ್ಲ. ಗೊಂಚಲುಗಳು ಅಲುಗಾಡಿ ಸಡಿಲವಾಗಿ ಬೀಳತೊಡಗಿದವು. ಮಳೆ ಶುರುವಾದ ಹಾಗೆ ಸದ್ದಾಯಿತಂತೆ. ಬಿದ್ದವು ಮಂಜಿನ ಮೇಲೆ ರೆಕ್ಕೆ ನಡುಗಿಸುತ್ತ, ಹೇಗಾದರೂ ನೆಲದಿಂದ ಮೇಲಾಗಬೇಕೆಂದು ಹುಲ್ಲಿನ ಕಡ್ಡಿ ಹತ್ತುತ್ತಿದ್ದವು. ಇವರ ಬೂಟನ್ನೂ ಹತ್ತಿದವು. ಇರೆನೇಯೊ ಕಾಲು ಎತ್ತಿಡಲು ಜಾಗವಿಲ್ಲದೆ ನಿಂತಲ್ಲೇ ನಿಂತನಂತೆ.

ಅಷ್ಟರಲ್ಲಿ ಒತೀಲಿಯಾ ಕೆಳಗಿನ ದಾರಿಯಿಂದ ಓಡಿ ಬಂದಳು. ಕೈಯಲ್ಲಿ ನೀರಿನ ಡಬ್ಬಿ. ಒಂದು ಬೆಂಕಿಗೆ ಸುರಿದಳು, ಇನ್ನೊಂದನ್ನು ಕಾಲಿನಿಂದ ಒದ್ದು ಚೆಲ್ಲಾಪಿಲ್ಲಿ ಮಾಡಿದಳು. ಎವೋದಿಯೊ ಅವಳ ರೆಬೋಸೊ ಹಿಡಿದೆಳೆದ. ಹೊದ್ದ ಬಟ್ಟೆ ಅವನ ಕೈಯಲ್ಲೇ ಉಳಿಯಿತು, ಅವಳು ಮೂರನೆಯ ಬೆಂಕಿಗೆ ಹೋದಳು. ಹೊಗೆ ನೋಡಿದ ಲಾ ಹಾರಾದವರು ಅದೇ ಹೊತ್ತಿಗೆ ಮೇಲಿನಿಂದ ಕಲ್ಲು ಬೀಸುತ್ತ ಇಳಿದರು. ಒಂದು ಕಲ್ಲು ಒತೀಲಿಯಾಳ ಎಡಗಿವಿಯ ಮೇಲೆ ಬಿತ್ತು. ಬೆಂಕಿಯ ಪಕ್ಕದಲ್ಲೇ ಕುಸಿದಳು.

ಲಾದಿಸ್ಲಾವೊ ಹತ್ತಿರ ಬಂದು ನೋಡಿದ. "ನೀನೂ ಇವರ ಜೊತೆ ಸುಡೋಕ್ಕೆ ಬಂದ್ಯಾ?" ಎಂದ.

"ಅವಳು ಬೆಂಕಿ ಆರಿಸ್ತಿದ್ಲು ಕಣೋ" ಎಂದ ಇರೆನೇಯೊ.

"ಹಾಗಾದ್ರೆ ಎತ್ಕೊಂಡು ಹೋಗಿ, ನಿಮ್ಮೂರೋಳು" ಎಂದು ಲಾದಿಸ್ಲಾವೊ ತಿರುಗಿದ.

ಎವೋದಿಯೊನ ಗುಂಪು ಆಗಲೇ ಕೊರಕಲು ಇಳಿದು ಓಡಿತ್ತು. ಇರೆನೇಯೊ ಒಬ್ಬನೇ ಅವಳನ್ನು ಬೆನ್ನ ಮೇಲೆ ಹೊತ್ತು ತಂದ. ದಾರಿಯುದ್ದಕ್ಕೂ ಅವಳು ಅವನನ್ನು ಬಯ್ಯುತ್ತಿದ್ದಳಂತೆ. ಕಲ್ಲು ಬಿದ್ದ ಆ ಕಿವಿಗೆ ಮತ್ತೆಂದೂ ಏನೂ ಕೇಳಿಸಲಿಲ್ಲ.

ವಾರ ಕಳೆಯುವುದರೊಳಗೆ ಅಕಾಲದ ಮಳೆ ಬಂತು, ಬೆನ್ನಿಗೇ ಗಡ್ಡೆಕಟ್ಟುವ ಚಳಿ. ನಮ್ಮ ಕಡೆಯ ತೆಳು ಇಳಿಜಾರಿನಲ್ಲಿ ಉಳಿದಿದ್ದ ಚಿಟ್ಟೆಗಳು ನೆಂದು, ಹೆಪ್ಪುಗಟ್ಟಿ, ಮರದ ಬುಡದಲ್ಲಿ ರಾಶಿ ಬಿದ್ದವು. ಇಲಿಗಳು ಬಂದು ಹೊಟ್ಟೆಯಷ್ಟೇ ತಿಂದು ರೆಕ್ಕೆ ಬಿಟ್ಟವು. ಆಚೆ ಲಾ ಹಾರಾದ ಒತ್ತು ಕಾಡಿನಲ್ಲಿಯೂ ಸತ್ತವು, ಆದರೆ ಹಿಂಡು ಉಳಿಯಿತು. ಎವೋದಿಯೊ ಆಳುಗಳಿಂದ ರಾಶಿಯನ್ನು ಗುಡಿಸಿ ಮಣ್ಣು ಮುಚ್ಚಿಸಿದ. ಊರಿನವರು ನೋಡಿ ಬಂದರು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಮಾತಾಡಿದ್ದು ಬಾಣದ ಬಗ್ಗೆ. ಕಂದೆಲಾರಿಯಾ ಹಬ್ಬದ ದಿನ ಆಕಾಶ ಸದ್ದಿಲ್ಲದೆ ಇತ್ತು. ಒತೀಲಿಯಾ ತಲೆಗೆ ಪಟ್ಟಿ ಕಟ್ಟಿಕೊಂಡೇ ಮಾತೆಗೆ ಹೊಸ ಬಟ್ಟೆ ಉಡಿಸಿ, ಚರ್ಚಿನ ಅಂಗಳದಲ್ಲಿ ಎರಡು ಪಾತ್ರೆ ತಮಾಲೆ ಇಟ್ಟುಕೊಂಡು ನಿಂತಳು. ಜನ ಅವಳನ್ನು ದಾಟಿ ಹೋದರು. ನಾನೂ ಇರೆನೇಯೊನೂ ಮಕ್ಕಳೂ ತಿಂದೆವು. "ಉಪ್ಪು ಸಾಲದು" ಎಂದೆ, ಸುಮ್ಮನಿರಲಾರದೆ. "ನಿನ್ನ ರೊಟ್ಟಿಗಿಂತ ವಾಸಿ" ಎಂದಳು. ಉಳಿದದ್ದನ್ನು ನಾಯಿಗಳಿಗೆ ಹಾಕಿದಳು. ಆ ವಾರವೇ ಸಭೆ ಅವಳ ಜಾಕೆಟ್ ಕಿತ್ತುಕೊಂಡಿತು, ಅವಳ ಮನೆಯ ನೀರಿನ ಕೊಳವೆ ಕತ್ತರಿಸಿತು.

ಫೆಬ್ರವರಿಯ ಕೊನೆಗೆ ಬಿಸಿಲು ಏರಿದಾಗ ಚಿಟ್ಟೆಗಳಿಗೆ ಬಾಯಾರಿಕೆ. ನೀರು ಹುಡುಕುತ್ತ ಅವು ಪ್ರತಿ ವರ್ಷವೂ ಕೆಳಗಿಳಿಯುತ್ತವೆ. ಹಾಗೆ ಲಾ ಹಾರಾದ ಹಿಂಡು ತಾನಾಗಿಯೇ ಕೊರಕಲಿನುದ್ದ ಇಳಿದು ನಮ್ಮೂರಿನ ಕೆಳಗಿನ ಹೊಳೆಯಂಚಿಗೆ ಬಂತು. ಒದ್ದೆ ಮಣ್ಣಿನ ತುಂಬ ಕಿತ್ತಳೆ ಬಣ್ಣ. ಜೋಡಿಯಾಗುವ ಕಾಲ, ಗಂಡು ಹೆಣ್ಣನ್ನು ಗಾಳಿಯಲ್ಲೇ ಹಿಡಿದು ನೆಲಕ್ಕೆ ಬೀಳಿಸುತ್ತಿತ್ತು. ಬಸ್ಸುಗಳು ನಮ್ಮಲ್ಲಿಗೆ ಬಂದವು. ಹೊಗೆ ಹಾಕಲು ಹೋದವರೇ ಜಾಕೆಟ್ ತೊಟ್ಟು "ಸದ್ದು ಮಾಡಬೇಡಿ, ಮುಟ್ಟಬೇಡಿ" ಎನ್ನುತ್ತ ನಿಂತರು. ಒತೀಲಿಯಾ ಬೇಲಿಯ ಆಚೆ ನಿಂತು ಅದನ್ನು ಕೇಳಿದಳು. ಅಂದು ಮಾತ್ರ ಏನೂ ಅನ್ನಲಿಲ್ಲ. ನನಗೆ ಅದೇ ಹೆದರಿಕೆಯಾಯಿತು.

ಮರುದಿನ ಅವಳು ಮೊರೇಲಿಯಾದ ಬಸ್ಸು ಹತ್ತಿದಳು. ಗಂಡನ ಪಾಲಿಗಾಗಿ ಜಮೀನಿನ ನ್ಯಾಯಾಲಯದಲ್ಲಿ ದಾವೆ ಹಾಕಿದಳು. ಮೂರು ವರ್ಷ ಹಿಡಿಯಿತು. ಕೋಳಿ ಮಾರಿದಳು, ಕುರಿ ಮಾರಿದಳು, ಕಂಡವರ ಆಲೂಗಡ್ಡೆ ಹೊಲದಲ್ಲಿ ಕೂಲಿ ಮಾಡಿದಳು. ನೀರನ್ನು ನನ್ನ ಮನೆಯಿಂದ ಹೊತ್ತಳು. ಒಮ್ಮೆ ಅವಳ ನಾಯಿಗೆ ಯಾರೋ ವಿಷ ಹಾಕಿದರು. ಊರು ಬಿಟ್ಟು ಹೋಗೆಂದು ನಾನೇ ಹೇಳಿದೆ.

"ಎಲ್ಲಿಗೆ? ಅಲ್ಲಿ ಕಲ್ಲು ಹೊಡೀತಾರೆ, ಇಲ್ಲಿ ವಿಷ ಹಾಕ್ತಾರೆ. ಇಲ್ಲಿ ಕಾಡಿದೆ, ಅಷ್ಟೇ ವ್ಯತ್ಯಾಸ" ಎಂದಳು.

ತೀರ್ಪು ಅವಳ ಕಡೆಗಾಯಿತು. ಮುಂದಿನ ಸಭೆಗೆ ಅವಳು ಬಂದು ಎವೋದಿಯೊ ಕೂತಿದ್ದ ಕುರ್ಚಿಯ ಪಕ್ಕದಲ್ಲಿ ನಿಂತಳು. ಅವನು ಏಳಲಿಲ್ಲ. ಅವಳು ಕೂರಲೂ ಇಲ್ಲ, ಹೋಗಲೂ ಇಲ್ಲ. ಕೊನೆಗೆ ಊರ ಅಧ್ಯಕ್ಷನೇ "ಏಳಪ್ಪ, ಕೆಲಸ ಆಗಲಿ" ಎಂದ. ಅಂದು ಮೇಲಿನ ಇಳಿಜಾರಿನಲ್ಲಿ ಮತ್ತೆ ಮರ ಕಡಿಯುವ ಮಾತಿತ್ತು. ಕೈ ಎತ್ತುವಾಗ ಒಬ್ಬೊಬ್ಬರಾಗಿ ಹಿಂಜರಿದರು. ಒತೀಲಿಯಾಳ ಮೇಲಿನ ಪ್ರೀತಿಯಿಂದಲ್ಲ. ಆ ಮೂರು ಚಳಿಗಾಲವೂ ಹಿಂಡು ಲಾ ಹಾರಾದಲ್ಲೇ ಕೂತಿತ್ತು, ನಮ್ಮ ಸರಪಳಿ ಉಳಿದಿರಲಿಲ್ಲ, ಪ್ರವಾಸಿಗರ ದುಡ್ಡಿನಲ್ಲಿ ಲಾ ಹಾರಾದವರು ಹೊಸ ಟ್ರಕ್ಕು ಕೊಂಡಿದ್ದರು. ಕಡಿಯುವ ಮಾತು ಬಿದ್ದುಹೋಯಿತು. ಇರೆನೇಯೊ ಕೂಡ ಬೇಡವೆಂದು ಕೈ ಎತ್ತಿದ. ಮನೆಗೆ ಬಂದು, ಅವಳು ತನ್ನ ಕಡೆಗೆ ತಿರುಗಿಯೂ ನೋಡಲಿಲ್ಲ ಎಂದು ಗೊಣಗಿದ.

ಮಳೆಗಾಲಕ್ಕೆ ಅವಳು ಕಡಿದ ಇಳಿಜಾರಿನಲ್ಲಿ ಒಯಾಮೆಲ್ ಸಸಿ ನೆಟ್ಟಳು. ಪೊದೆಯ ನೆರಳಿನಲ್ಲಿಟ್ಟರೆ ಮಾತ್ರ ಅವು ಬಿಸಿಲು ತಾಳುತ್ತವೆ, ಹಾಗಾಗಿ ಪೊದೆ ಹುಡುಕಿ ಹುಡುಕಿ ಒಂದೊಂದರ ಬುಡಕ್ಕೆ ಒಂದೊಂದು. ಎವೋದಿಯೊ ತನ್ನ ಆಡುಗಳನ್ನು ಅಲ್ಲಿಗೇ ಮೇಯಲು ಬಿಟ್ಟ. ಅವಳು ಎರಡು ಸಲ ಅಟ್ಟಿದಳು. ಮೂರನೆಯ ಸಲ ಅಟ್ಟಲಿಲ್ಲ, ಆಡುಗಳನ್ನೆಲ್ಲ ಹೊಡೆದುಕೊಂಡು ಬಂದು ತನ್ನ ಅಂಗಳದಲ್ಲಿ ಕಟ್ಟಿದಳು. ಸಂಜೆ ಎವೋದಿಯೊ ಬಂದ. ಬಾಣದ ದಿನದ ನಂತರ ಅವನು ಆ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

"ಆಡು ಬಿಡು."

"ಹಾಲು ಕರೆದಾಗಿದೆ, ಚಿಂತೆ ಬೇಡ."

"ಸಭೆಗೆ ಹೇಳ್ತೀನಿ."

"ಹೇಳು. ನಾನೂ ಅಲ್ಲೇ ಕೂತಿರ್ತೀನಿ. ಊರೊಟ್ಟಿನ ಸಸಿ ತಿಂದ ಆಡಿಗೆ ಏನು ಶಿಕ್ಷೆ ಅಂತ ಎಲ್ಲರನ್ನೂ ಕೇಳೋಣ."

ಅವನು ಹಲ್ಲು ಕಡಿದ. "ಏನು ಬೇಕು ನಿಂಗೆ?"

"ತಿಂದಷ್ಟು ನೆಡು."

ಮೂರು ದಿನ ತಡೆದ. ನಾಲ್ಕನೆಯ ದಿನ ಗುದ್ದಲಿ ಹೊತ್ತು, ಯಾರ ಮುಖವನ್ನೂ ನೋಡದೆ ಇಳಿಜಾರು ಹತ್ತಿದ. ಅವನು ಹಿಡಿಶಾಪ ಹಾಕುತ್ತ ಗುಂಡಿ ತೋಡುವುದನ್ನು, ಅವಳು ಕಲ್ಲಿನ ಮೇಲೆ ಕೂತು "ಬೇರು ಮಡಚಬೇಡ, ಅದೇನು ನಿನ್ನ ಕಾಲುಚೀಲವಾ?" ಎನ್ನುವುದನ್ನು ಕೆಳಗಿನ ಹೊಲದವರೆಲ್ಲ ಕೇಳಿದರು. ಸಂಜೆ ಆಡು ಹೊಡೆದುಕೊಂಡು ಹೋದ. ಅವನು ನೆಟ್ಟದ್ದರಲ್ಲಿ ಅರ್ಧ ಒಣಗಿತು. ಬೇಕೆಂದೇ ಹಾಗೆ ನೆಟ್ಟ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಒಣಗಿದ್ದನ್ನು ಕಿತ್ತು ಆ ಗುಂಡಿಗಳಿಗೆ ಬೇರೆ ಸಸಿ ಇಟ್ಟಳು.